ಐದನೆಯ ಯಾಕೆ

ನಾನು ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್ ಓದಿದ್ದು ಅದರ ಮೇಲಿನ ಪ್ರೀತಿಯಿಂದಲ್ಲ. ಕನಕಪುರದ ಕಾಲೇಜೊಂದರಲ್ಲಿ ಎಂ.ಬಿ.ಎ. ಎರಡನೇ ವರ್ಷಕ್ಕೆ ಬಂದಾಗ ಒಂದು ವಿಷಯ ಆರಿಸಿಕೊಳ್ಳಬೇಕಿತ್ತು. ಲೆಕ್ಕ ಬರುವವರು ಫೈನಾನ್ಸ್ ತೆಗೆದುಕೊಂಡರು. ಇಂಗ್ಲಿಷ್ ಬರುವವರು ಮಾರ್ಕೆಟಿಂಗ್ ತೆಗೆದುಕೊಂಡರು. ಎರಡೂ ಬಾರದಿದ್ದರೂ ಎದುರಿಗಿದ್ದವರ ಮನಸ್ಸು ನೋಯದಂತೆ ಮಾತಾಡಬಲ್ಲವರು ಎಚ್.ಆರ್. ಕಡೆ ಹೋದರು. ಮೂರೂ ಇಲ್ಲದ ಹನ್ನೊಂದು ಜನ ಉಳಿದೆವು. ನಮ್ಮನ್ನು ಏನಾದರೂ ಮಾಡಲೇಬೇಕಲ್ಲ ಎಂದು ಕಾಲೇಜಿನವರು ಆ ವರ್ಷ ಸಪ್ಲೈ ಚೈನ್ ಶುರು ಮಾಡಿದರು. ಸುತ್ತಮುತ್ತ ಕಾರ್ಖಾನೆಗಳು ಏಳುತ್ತಿವೆ, ಮುಂದೆ ಒಳ್ಳೆಯ ಕೆಲಸ ಸಿಗುತ್ತದೆ ಎಂದು ಪ್ರಿನ್ಸಿಪಾಲರು ಹೇಳಿದರು. ಹಿಂದಿನ ವರ್ಷ ಅವರು ಇದೇ ಮಾತನ್ನು ಇನ್ನೊಂದು ಕೋರ್ಸಿನ ಬಗ್ಗೆ ಹೇಳಿದ್ದರು.

ನಮ್ಮೂರು ಮರಳವಾಡಿಯ ಹತ್ತಿರ. ಅಪ್ಪ ರಾಗಿ, ಹಿಪ್ಪುನೇರಳೆ ಬೆಳೆಯುವವರು. ನಾನು ಏನು ಓದುತ್ತಿದ್ದೇನೆಂದು ಅವರಿಗೆ ತಿಳಿಸುವುದು ಪರೀಕ್ಷೆಗಿಂತ ಕಷ್ಟವಾಯಿತು.

“ಸಾಮಾನು ಎಲ್ಲಿಂದ ಬತ್ತದೆ, ಎಲ್ಲಿಗೆ ಹೋಯ್ತದೆ, ಎಷ್ಟು ದಿನ ಇಟ್ಕೋಬೇಕು ಅನ್ನೋದು ಕಣಪ್ಪ,” ಎಂದೆ.

“ಅದುಕ್ಕೆ ಎರಡು ವರ್ಷ ಓದ್ಬೇಕೇನ್ಲಾ?”

ಆದರೂ ಅವರು ನನ್ನನ್ನು ಬಿಟ್ಟುಕೊಡಲಿಲ್ಲ. ಊರಲ್ಲಿ ಯಾರಾದರೂ ಕೇಳಿದರೆ “ನಮ್ಮ ಹೈದ ಲಾರಿ ಓದ್ತಾವ್ನೆ” ಎನ್ನುತ್ತಿದ್ದರು. ಡ್ರೈವಿಂಗಾ ಎಂದು ಕೇಳಿದವರನ್ನು, “ಅಲ್ಲ ಕಣಯ್ಯ, ಲಾರಿ ಹೊರಡೋಕ್ಕೆ ಮುಂಚೇದು” ಎಂದು ತಿದ್ದುತ್ತಿದ್ದರು. ಈ ವೃತ್ತಿಗೆ ಇದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಇವತ್ತಿನವರೆಗೆ ಕೇಳಿಲ್ಲ.

ನಮಗೆ ಪಾಠ ಮಾಡುತ್ತಿದ್ದ ಮೇಷ್ಟ್ರು ಗೋಡೌನಿನ ಒಳಗೆ ಕಾಲಿಟ್ಟವರಲ್ಲ. ನೋಟ್ಸ್ ಬರೆಸುತ್ತಿದ್ದರು. ಒಂದು ದಿನ ಬುಲ್‌ವಿಪ್ ಎಫೆಕ್ಟ್ ಎಂಬುದನ್ನು ಬೋರ್ಡಿನ ತುಂಬ ಗೆರೆ ಎಳೆದು ವಿವರಿಸಿದರು. ಅಂಗಡಿಯಲ್ಲಿ ಗಿರಾಕಿ ಒಂದೆರಡು ಸಾಮಾನು ಹೆಚ್ಚು ಕೊಂಡರೆ ಹಿಂದೆ ಹಿಂದೆ ಹೋದಂತೆ ಅದು ದೊಡ್ಡ ಅಲೆಯಾಗುತ್ತದಂತೆ. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಿಂದ ಬರುತ್ತಿದ್ದ ಸಹಪಾಠಿ ಎದ್ದು ನಿಂತು, “ಸಾರ್, ಬಾರ್ಕೋಲು ಕೈಲಿ ಒಸಿ ಆಡ್ಸುದ್ರೆ ತುದೀಲಿ ಜೋರಾಗಿ ಆಡ್ತದೆ, ಅಷ್ಟೇ ಅಲ್ವಾ?” ಎಂದ. ಮೇಷ್ಟ್ರು ಬೋರ್ಡಿನ ಗೆರೆಗಳನ್ನೊಮ್ಮೆ ನೋಡಿದರು. “ಅಷ್ಟೇ. ಆದರೆ ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ,” ಎಂದರು.

ಅವರು ಬರೆಸಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ‘ಐದು ಯಾಕೆ’ ಎಂಬ ವಿಧಾನ. ಕಾರ್ಖಾನೆಯಲ್ಲಿ ಏನಾದರೂ ಎಡವಟ್ಟಾದರೆ ಐದು ಸಲ ಯಾಕೆ ಎಂದು ಕೇಳಬೇಕು. ಒಂದೊಂದು ಉತ್ತರಕ್ಕೂ ಮತ್ತೆ ಯಾಕೆ. ಐದನೆಯ ಯಾಕೆಗೆ ಬರುವಷ್ಟರಲ್ಲಿ ಬೇರು ಸಿಗುತ್ತದೆ. ಮೇಷ್ಟ್ರು ಕೊನೆಗೆ ಒಂದು ಮಾತು ಸೇರಿಸಿ ಎರಡು ಗೆರೆ ಎಳೆಸಿದರು: ಐದನೆಯ ಉತ್ತರದಲ್ಲಿ ಯಾರ ಹೆಸರೂ ಬರಕೂಡದು. ಮನುಷ್ಯರ ತಪ್ಪು ಹುಡುಕಬಾರದು, ವ್ಯವಸ್ಥೆಯ ತಪ್ಪು ಹುಡುಕಬೇಕು. ಎಷ್ಟು ಉದಾರವಾದ ಮಾತು ಎಂದು ಆಗ ಅನ್ನಿಸಿತ್ತು. ನಾನೂ ಎರಡು ಗೆರೆ ಎಳೆದುಕೊಂಡೆ.

ಮೂರನೇ ಸೆಮಿಸ್ಟರಿನಲ್ಲಿ ಎರಡು ತಿಂಗಳು ಯಾವುದಾದರೂ ಕಾರ್ಖಾನೆಯಲ್ಲಿ ಪ್ರಾಜೆಕ್ಟ್ ಮಾಡಬೇಕಿತ್ತು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಆಗ ದಿನಕ್ಕೊಂದು ಶೆಡ್ಡು ಏಳುತ್ತಿತ್ತು. ಮೊದಲು ಬೋರ್ಡು ಬರುತ್ತಿತ್ತು, ಆಮೇಲೆ ಸೆಕ್ಯುರಿಟಿಯವನು, ಅವನು ಕಾಯಲು ಕಟ್ಟಡ ಕೊನೆಗೆ. ನಾನು ಹದಿನಾಲ್ಕು ಗೇಟುಗಳಲ್ಲಿ ಕೇಳಿದೆ. ಹದಿನೈದನೆಯದು ಒಳಗೆ ಬಿಟ್ಟಿತು. ವಾಹನಗಳಿಗೆ ಬೇಕಾದ ಕ್ಲಾಂಪು, ಬ್ರಾಕೆಟ್ಟುಗಳನ್ನು ತಗಡಿನಲ್ಲಿ ಒತ್ತಿ ತೆಗೆಯುವ ಮಧ್ಯಮ ಗಾತ್ರದ ಕಾರ್ಖಾನೆ ಅದು. ನಮ್ಮ ಮಾಲೆಲ್ಲ ಒಂದೇ ದೊಡ್ಡ ಕಾರ್ಖಾನೆಗೆ ಹೋಗುತ್ತಿತ್ತು. ಅವರು ಏನನ್ನೂ ದಾಸ್ತಾನು ಇಟ್ಟುಕೊಳ್ಳುತ್ತಿರಲಿಲ್ಲ. ಹೇಳಿದ ಗಂಟೆಗೆ ಲಾರಿ ಅವರ ಬಾಗಿಲಲ್ಲಿ ನಿಂತಿರಬೇಕು. ನಿಲ್ಲದಿದ್ದರೆ ಗಾಡಿ ಜೋಡಿಸುವ ಅವರ ಲೈನು ನಿಲ್ಲುತ್ತದೆ. ಲೈನು ನಿಲ್ಲಿಸುವುದು ಈ ವ್ಯಾಪಾರದಲ್ಲಿ ಮಹಾಪಾಪ. ನಮ್ಮ ಕಡೆ ಹಸೆಮಣೆಯ ಮೇಲೆ ಮದುವೆ ನಿಂತರೂ ಅಷ್ಟು ಜನ ಫೋನ್ ಮಾಡುವುದಿಲ್ಲ.

ಮ್ಯಾನೇಜರು ಬೆಂಗಳೂರಿಂದ ಬರುತ್ತಿದ್ದವರು. ಮೊದಲ ದಿನವೇ ನನ್ನ ಕಾಲೇಜಿನ ಪತ್ರ ಓದಿ, “ಸಪ್ಲೈ ಚೈನ್ ಓದಿದೋರು ಈ ಕಡೆ ಸಿಗೋದೇ ಇಲ್ಲ. ಚೆನ್ನಾಗಿ ಕೆಲಸ ಮಾಡು. ಪರೀಕ್ಷೆ ಮುಗಿದ ಮೇಲೆ ನಮ್ಮ ಸ್ಟೋರ್ಸಿಗೇ ಸೂಪರ್‌ವೈಸರ್ ಬೇಕಾಗುತ್ತೆ,” ಎಂದರು. ಆ ಸಂಜೆ ಈ ಮಾತನ್ನು ಅಪ್ಪನಿಗೆ ಹೇಳಿದೆ. ಅದು ತಪ್ಪಾಯಿತು. ಮರುದಿನ ಬೆಳಿಗ್ಗೆ ಬಸ್ಸು ಹತ್ತುವಾಗ ಕಂಡಕ್ಟರು, “ಏನ್ ಸೂಪರ್‌ವೈಸರ್ರೆ, ಪಾಸ್ ತೋರ್ಸಿ” ಎಂದ. ಇನ್ನು ಆ ಕೆಲಸ ಸಿಗದಿದ್ದರೆ ಊರಿಗೆ ಬೇರೆ ದಾರಿಯಿಂದ ಹೋಗಬೇಕಾಗುತ್ತಿತ್ತು. ನಮ್ಮೂರಿಗೆ ಇರುವುದು ಒಂದೇ ದಾರಿ.

ಸ್ಟೋರ್ಸನ್ನು ನೋಡಿಕೊಳ್ಳುತ್ತಿದ್ದವರು ಚನ್ನಪಟ್ಟಣದ ಒಬ್ಬ ಸಾಬರು. ಐವತ್ತೈದರ ಆಸುಪಾಸು. ಅಣ್ಣತಮ್ಮಂದಿರೆಲ್ಲ ಮರದ ಆಟಿಕೆ ಮಾಡುವವರು. ಇವರೊಬ್ಬರು ಕಾರ್ಖಾನೆ ಸೇರಿದ್ದರು. ಚನ್ನಪಟ್ಟಣದಿಂದ ಬಿಡದಿಗೆ ಒಂದು ಬಸ್ಸು, ಬಿಡದಿಯಿಂದ ಹಾರೋಹಳ್ಳಿಗೆ ಇನ್ನೊಂದು. ಆದರೂ ಸ್ಟೋರ್ಸಿನ ಬೀಗ ತೆಗೆಯುವ ಹೊತ್ತಿಗೆ ಅವರು ಒಂದು ದಿನವೂ ತಡವಾಗಿ ಬಂದದ್ದನ್ನು ನಾನು ಕಾಣಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ‘ಸಾಬ್ರೆ’ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಅವರು ನನ್ನನ್ನು ‘ಬೇಟಾ’ ಎನ್ನುತ್ತಿದ್ದರು.

ಸ್ಟೋರ್ಸೆಂದರೆ ಉದ್ದಕ್ಕೆ ಕಬ್ಬಿಣದ ಚೌಕಟ್ಟು, ಅದಕ್ಕೆ ಮರದ ಹಲಗೆ, ಹಲಗೆಯ ಮೇಲೆ ಸಾಲಾಗಿ ಡಬ್ಬಿಗಳು. ಆರುನೂರ ನಲವತ್ತು ಡಬ್ಬಿ. ಪ್ರತಿ ಡಬ್ಬಿಯ ಮುಂದೆ ಹಲಗೆಯ ಅಂಚಿಗೆ ಒಂದು ಮೊಳೆ. ಮೊಳೆಗೆ ನೇತುಹಾಕಿದ ಒಂದು ಮರದ ಬಿಲ್ಲೆ, ಹಳೇ ರೂಪಾಯಿಗಿಂತ ಸ್ವಲ್ಪ ದೊಡ್ಡದು. ಚನ್ನಪಟ್ಟಣದ ಗೊಂಬೆಗಳಿಗೆ ಹಾಕುವ ಹೊಳೆಯುವ ಅರಗಿನ ಬಣ್ಣವೇ ಅದಕ್ಕೂ. ಕೆಂಪು ಬಿಲ್ಲೆ ಒಂದು ಬಗೆಯ ಗಾಡಿಗೆ, ಹಸಿರು ಇನ್ನೊಂದಕ್ಕೆ. ಬಿಲ್ಲೆಯ ಮೇಲೆ ಎರಡು ಗೆರೆ ಇದ್ದರೆ ಎಡಗಡೆಯ ಬ್ರಾಕೆಟ್ಟು, ಮೂರಿದ್ದರೆ ಬಲಗಡೆಯದು. ಓದು ಬಾರದ ಹೆಲ್ಪರುಗಳೂ ಕಣ್ಣುಮುಚ್ಚಿ ತೆಗೆದುಕೊಡುತ್ತಿದ್ದರು. ಇದನ್ನೆಲ್ಲ ಸಾಬರು ತಮ್ಮ ಅಣ್ಣನ ಲೇತಿನಲ್ಲಿ ಭಾನುವಾರ ಭಾನುವಾರ ಕೂತು ಮಾಡಿಸಿದ್ದರಂತೆ.

ನಾನು ನನ್ನ ಪ್ರಾಜೆಕ್ಟ್ ವರದಿಯಲ್ಲಿ ಅದನ್ನು ‘ಅವೈಜ್ಞಾನಿಕ ಪದ್ಧತಿ’ ಎಂದು ಬರೆದೆ. ಹಾಗೆ ಬರೆಯದೆ ವಿಧಿಯಿರಲಿಲ್ಲ. ಅದನ್ನು ಅವೈಜ್ಞಾನಿಕ ಎನ್ನದಿದ್ದರೆ ನನ್ನ ಪ್ರಾಜೆಕ್ಟಿಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ.

ಅಷ್ಟರಲ್ಲಿ ದೊಡ್ಡ ಕಾರ್ಖಾನೆಯವರು ಇನ್ನು ಮೇಲೆ ಎಲ್ಲಕ್ಕೂ ಬಾರ್‌ಕೋಡ್ ಇರಬೇಕು ಎಂದು ಅಪ್ಪಣೆ ಮಾಡಿದರು. ಕಂಪ್ಯೂಟರ್ ಬಂತು, ಸ್ಕ್ಯಾನರ್ ಬಂತು, ಲೇಬಲ್ ಅಚ್ಚು ಹಾಕುವ ಪ್ರಿಂಟರ್ ಬಂತು. ಲೇಬಲ್ ಅಂಟಿಸುವ ಕೆಲಸ ನನಗೆ ಬಂತು. ಬಿಲ್ಲೆಗಳು ಅಡ್ಡ ಬರುತ್ತಿದ್ದವು. ಮೂರು ದಿನ ಕೂತು ಒಂದೊಂದನ್ನೇ ಮೊಳೆಯಿಂದ ಬಿಚ್ಚಿ ಗೋಣಿಚೀಲಕ್ಕೆ ಹಾಕಿದೆ. ಸಾಬರು ಏಣಿ ಹಿಡಿದುಕೊಂಡು ನಿಂತಿದ್ದರು. “ಮೊಳೆ ಕೀಳ್ಬೇಡ ಬೇಟಾ. ಹಲಗೆ ಸೀಳ್ತದೆ,” ಎಂದರು. ಚೀಲವನ್ನು ಗುಜರಿಗೆ ಹಾಕಲು ಹೊರಟಾಗ, “ಕೊಡು, ಮನೇಲಿ ಮಕ್ಕಳು ಆಡ್ಕೋತವೆ,” ಎಂದು ತೆಗೆದುಕೊಂಡು, ಎರಡು ಬಸ್ಸಿನಲ್ಲಿ ಹೊತ್ತುಕೊಂಡು ಹೋದರು.

ಲೇಬಲ್ ಅಂಟಿಸಿ ಮೂರು ವಾರಕ್ಕೆ ಆಯುಧಪೂಜೆ ಬಂತು.

ಆಯುಧಪೂಜೆಯ ವಿಷಯದಲ್ಲಿ ನನಗೆ ಮನೆಯಲ್ಲಿ ಕಟ್ಟುನಿಟ್ಟಾದ ತರಬೇತಿ ಆಗಿತ್ತು. ಕಾಲೇಜಿನದಕ್ಕಿಂತ ಕಟ್ಟುನಿಟ್ಟು. ನನ್ನ ಅಜ್ಜಿಯ ಪ್ರಕಾರ ಪ್ರತಿ ಸಾಮಾನಿಗೂ ಒಂದು ಮುಖವಿದೆ. ಕುಂಕುಮ ಹಚ್ಚಬೇಕಾದ್ದು ಮುಖಕ್ಕೆ, ಎಲ್ಲೆಂದರಲ್ಲಿ ಅಲ್ಲ. ಕುಡುಗೋಲಿಗೆ ಹಿಡಿ ಸೇರುವ ಕತ್ತಿನ ಹತ್ತಿರ ಮುಖ. ತಕ್ಕಡಿಗೆ ಮುಳ್ಳಿನ ಹತ್ತಿರ. ಪಂಪ್‌ಸೆಟ್ಟಿಗೆ ಸ್ಟಾರ್ಟರ್ ಡಬ್ಬಿಯೇ ಮುಖ. ಚಿಕ್ಕವನಿದ್ದಾಗ ನಾನು ಸ್ಟಾರ್ಟರಿನ ಹಿಂಭಾಗಕ್ಕೆ ಕುಂಕುಮ ಹಚ್ಚಿದ್ದನ್ನು ನೋಡಿ ಅಜ್ಜಿ ಕೈಮೇಲೆ ಬಾರಿಸಿದ್ದಳು. “ಬೆನ್ನಿಗೆ ಕುಂಕುಮ ಇಕ್ತಾರೇನ್ಲಾ ಯಾರಾದ್ರೂವೆ? ಮುಖ ನೋಡಿ ಇಕ್ಕು,” ಎಂದಿದ್ದಳು. ಆಮೇಲೆ ನಾನು ಎಂದೂ ತಪ್ಪು ಮಾಡಿರಲಿಲ್ಲ.

ಸ್ಟೋರ್ಸಿನಲ್ಲಿ ಪೂಜೆಯ ಸಾಮಾನೆಲ್ಲ ತರುತ್ತಿದ್ದವರು ಸಾಬರೇ. ವರ್ಷವೂ ಅವರದೇ ಅಂತೆ. ಬೂದುಗುಂಬಳ, ಬಾಳೆಕಂದು, ಸೇವಂತಿಗೆ, ಪುರಿ, ಕಡಲೆ. ಕುಂಬಳಕಾಯಿಯನ್ನು ಬೆರಳಲ್ಲಿ ತಟ್ಟಿ ಆರಿಸುತ್ತಿದ್ದರು. “ಸಾಮಾನು ನಾನು ತರ್ತೀನಿ, ಪೂಜೆ ನೀವು ಮಾಡ್ಕೊಳಿ,” ಎನ್ನುವುದು ಅವರಿಗೂ ಹೆಲ್ಪರುಗಳಿಗೂ ಇದ್ದ ಹಳೆಯ ಒಪ್ಪಂದ. ಹೆಲ್ಪರುಗಳು ಬಾಗಿಲ ಚೌಕಟ್ಟಿಗೆ, ತೂಕದ ಯಂತ್ರಕ್ಕೆ, ದಾಸ್ತಾನು ಪುಸ್ತಕಕ್ಕೆ ಒಂದೊಂದು ಬೊಟ್ಟು ಇಟ್ಟು ಪುರಿ ತಿನ್ನಲು ಕೂರುತ್ತಿದ್ದರಂತೆ.

ನನಗೆ ಅದು ಸಾಲದೆನಿಸಿತು. ಮ್ಯಾನೇಜರು ಮಧ್ಯಾಹ್ನ ಮಂಗಳಾರತಿಗೆ ಬರುವವರಿದ್ದರು. ಸೂಪರ್‌ವೈಸರ್ ಆಗಬೇಕಾದವನು ಮೂರು ಬೊಟ್ಟಿಗೆ ಪೂಜೆ ಮುಗಿಸುವುದೇ? ಸಾಬರು ಬೆಳಿಗ್ಗೆಯಿಂದ ಕ್ಯಾಂಟೀನಿನಲ್ಲಿ ಕೂತು ಸಿಹಿ ಪೊಟ್ಟಣ ಕಟ್ಟಿಸುತ್ತಿದ್ದಾಗ ನಾನು ಗಂಧ ಕಲಸಿದೆ, ಏಣಿ ಹಾಕಿದೆ, ಆರುನೂರ ನಲವತ್ತು ಡಬ್ಬಿಗೂ ಗಂಧ, ಕುಂಕುಮ ಹಚ್ಚಿ ಒಂದೊಂದು ಸೇವಂತಿಗೆ ಸಿಕ್ಕಿಸಿದೆ. ಡಬ್ಬಿಯ ಮುಖ ಯಾವುದು ಎಂಬ ಬಗ್ಗೆ ನನಗೆ ಕ್ಷಣವೂ ಅನುಮಾನ ಬರಲಿಲ್ಲ. ಬೆಳ್ಳಗೆ, ಎದುರಿಗೆ, ನಡುಮಧ್ಯೆ ಲೇಬಲ್ ಇತ್ತು.

ಸಾಬರು ಬಂದು ನೋಡಿ ನಿಂತುಬಿಟ್ಟರು. “ಅರೆ! ಒಂದೂ ಬುಟ್ಟಿಲ್ವಲ್ಲ ಬೇಟಾ!” ಎಂದರು. ಅವರಿಗೆ ನಿಜಕ್ಕೂ ಸಂತೋಷವಾಗಿತ್ತು. ಲೇಬಲ್‌ನ ಯೋಚನೆ ನನಗೂ ಬರಲಿಲ್ಲ, ಅವರಿಗೂ ಬರಲಿಲ್ಲ. ಮಂಗಳಾರತಿಗೆ ಬಂದ ಮ್ಯಾನೇಜರಿಗೂ ಬರಲಿಲ್ಲ. ಅವರು ಸ್ಟೋರ್ಸಿನ ಫೋಟೋ ತೆಗೆಸಿಕೊಂಡು ಹೋದರು.

ಮರುದಿನ ವಿಜಯದಶಮಿ, ರಜೆ. ಅದರ ಮರುದಿನ ಬೆಳಿಗ್ಗೆ ಎಂಟಕ್ಕೆ ಮೊದಲ ಲಾರಿ ಹೊರಡಬೇಕಿತ್ತು. ಹೆಲ್ಪರ್ ಸ್ಕ್ಯಾನರನ್ನು ಮೊದಲ ಡಬ್ಬಿಗೆ ಹಿಡಿದ. ಅದು ಸದ್ದು ಮಾಡಲಿಲ್ಲ. ಎರಡನೆಯದಕ್ಕೆ ಹಿಡಿದ. ಹತ್ತನೆಯ ಡಬ್ಬಿಗೆ ಬರುವಷ್ಟರಲ್ಲಿ ಲೇಬಲ್ ಮೇಲಿನ ಕುಂಕುಮ ನನ್ನ ಕಣ್ಣಿಗೆ ಬಿತ್ತು. ಬಟ್ಟೆ ಒದ್ದೆ ಮಾಡಿ ಒರೆಸಿದೆ. ಗಂಧ ಕಾಗದದೊಳಗೆ ಇಳಿದಿತ್ತು. ಒರೆಸಿದಷ್ಟೂ ಲೇಬಲ್ ಕೆಂಪಾಯಿತು. ಕಂಪ್ಯೂಟರಿನವನಿಗೆ ಫೋನ್ ಮಾಡಿದಾಗ ಅವನು ವಿಷಯ ಕೇಳಿ ಮೊದಲು ನಕ್ಕ. ಸ್ಕ್ಯಾನರಿನ ಬೆಳಕು ಕೆಂಪು, ಕೆಂಪು ಬೆಳಕಿಗೆ ಕೆಂಪು ಬಣ್ಣ ಬಿಳಿಯಾಗಿಯೇ ಕಾಣುತ್ತದೆ, ಕುಂಕುಮ ಮುಚ್ಚಿದ ಕಡೆ ಗೆರೆಗಳೇ ಇಲ್ಲವೆಂದು ಅದು ತಿಳಿಯುತ್ತದೆ ಎಂದು ವಿವರಿಸಿದ. ಅರಿಶಿನ ಹಚ್ಚಿದ್ದರೂ ಇದೇ ಗತಿಯಾ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಸಾಬರು ಸ್ಕ್ಯಾನರಿಗೆ ಕಾಯಲಿಲ್ಲ. ಬೇಡಿಕೆ ಪಟ್ಟಿ ಕೈಯಲ್ಲಿ ಹಿಡಿದು, “ಮೂರನೇ ಸಾಲು, ಕೆಳಗಿಂದ ಎರಡು. ಅದರ ಪಕ್ಕದ್ದೂ ತಗೋ,” ಎಂದು ಹೇಳುತ್ತಾ ಹೋದರು. ಅರ್ಧ ಗಂಟೆಯಲ್ಲಿ ಲಾರಿ ತುಂಬಿತು. ಒಂದು ಬ್ರಾಕೆಟ್ಟೂ ತಪ್ಪಿರಲಿಲ್ಲ, ಆಮೇಲೆ ತಾಳೆ ನೋಡಿದಾಗ ಗೊತ್ತಾಯಿತು. ಆದರೆ ಲಾರಿ ಹೊರಡಲು ಮಾಲಿನ ವಿವರವಿರುವ ಚಲನ್ ಬೇಕು. ಚಲನ್ ಕಂಪ್ಯೂಟರಿನಿಂದಲೇ ಬರಬೇಕು. ಸ್ಕ್ಯಾನ್ ಆಗದ ಮಾಲನ್ನು ಕಂಪ್ಯೂಟರ್ ಒಪ್ಪುವುದಿಲ್ಲ. ಕೈಯಲ್ಲಿ ಬರೆಯುವ ಹಳೆಯ ಚಲನ್ ಪುಸ್ತಕವನ್ನು ಮೂರು ವಾರದ ಹಿಂದೆ ನಾನೇ ರದ್ದು ಮಾಡಿಸಿದ್ದೆ, ಅದೂ ವರದಿಯಲ್ಲಿತ್ತು. ಹೀಗಾಗಿ ತುಂಬಿದ ಲಾರಿ ನಾಲ್ಕು ಗಂಟೆ ಅಂಗಳದಲ್ಲಿ ನಿಂತಿತು. ಡ್ರೈವರು ಬಾನೆಟ್ಟಿನ ಮೇಲಿದ್ದ ಬಾಡಿದ ಹೂವಿನ ಹಾರ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದ. ಕಂಪ್ಯೂಟರಿನವನು ಬೆಂಗಳೂರಿಂದ ಬಂದು ಏನೋ ತೆರೆದು, ನಂಬರುಗಳನ್ನು ಒಂದೊಂದಾಗಿ ಒತ್ತಿ ಚಲನ್ ತೆಗೆಯುವಷ್ಟರಲ್ಲಿ ದೊಡ್ಡ ಕಾರ್ಖಾನೆಯ ಲೈನು ನಿಂತುಹೋಗಿತ್ತು.

ಮಧ್ಯಾಹ್ನ ಮ್ಯಾನೇಜರು ಸಾಬರನ್ನೂ ನನ್ನನ್ನೂ ಕರೆದರು. ದೊಡ್ಡ ಕಾರ್ಖಾನೆಯವರು ವಿವರಣೆ ಕೇಳಿದ್ದಾರೆ, ಐದು ಯಾಕೆ ನಮೂನೆಯಲ್ಲಿ ಕೊಡಬೇಕು ಎಂದರು. “ಇಬ್ಬರೂ ಬೇರೆ ಬೇರೆ ಕೂತು ಬರೀರಿ. ನೀನಂತೂ ಇದನ್ನೇ ಓದಿದೀಯ,” ಎಂದು ನನಗೊಂದು ಹಾಳೆ, ಅವರಿಗೊಂದು ಹಾಳೆ ಕೊಟ್ಟರು. ಸಾಬರು ಕ್ಯಾಂಟೀನಿಗೆ ಹೋದರು. ನಾನು ಸ್ಟೋರ್ಸಿನ ಮೇಜಿಗೆ ಹೋದೆ.

ಮೊದಲ ನಾಲ್ಕಕ್ಕೆ ಏನೂ ಕಷ್ಟವಾಗಲಿಲ್ಲ. ಲೈನು ಯಾಕೆ ನಿಂತಿತು? ಮಾಲು ತಡವಾಯಿತು. ಮಾಲು ಯಾಕೆ ತಡವಾಯಿತು? ಚಲನ್ ಬರಲಿಲ್ಲ. ಚಲನ್ ಯಾಕೆ ಬರಲಿಲ್ಲ? ಲೇಬಲ್ ಓದಲಿಲ್ಲ. ಲೇಬಲ್ ಯಾಕೆ ಓದಲಿಲ್ಲ? ಅದರ ಮೇಲೆ ಕುಂಕುಮ ಇತ್ತು.

ಕುಂಕುಮ ಯಾಕೆ ಇತ್ತು?

ಇದಕ್ಕೆ ಉತ್ತರ ಎರಡೇ ಪದ. ನಾನು ಹಚ್ಚಿದೆ. ಬರೆಯಲು ಪೆನ್ನು ಎತ್ತಿದೆ. ಬಸ್ಸಿನ ಕಂಡಕ್ಟರು ನೆನಪಾದ. ಅಪ್ಪ ನೆನಪಾದರು. ಅವರು ಆಗಲೇ ದೊಡ್ಡಪ್ಪನ ಮಗನಿಗೂ ಅಲ್ಲೇ ಒಂದು ಕೆಲಸ ಕೊಡಿಸುವ ಭರವಸೆ ಕೊಟ್ಟಿದ್ದರು. ಆಮೇಲೆ ಮೇಷ್ಟ್ರು ನೆನಪಾದರು. ಐದನೆಯ ಉತ್ತರದಲ್ಲಿ ಯಾರ ಹೆಸರೂ ಬರಕೂಡದು. ವ್ಯವಸ್ಥೆಯ ತಪ್ಪು ಹುಡುಕಬೇಕು. ಎರಡು ಗೆರೆ ಎಳೆದಿದ್ದೆನಲ್ಲ. ನಾನು ಹೀಗೆ ಬರೆದೆ: ‘ಸ್ಟೋರ್ಸಿನ ಉಸ್ತುವಾರಿಯಲ್ಲಿ ಲೋಪವಿದೆ.’ ಯಾರ ಹೆಸರೂ ಇಲ್ಲ. ಸ್ಟೋರ್ಸಿನ ಉಸ್ತುವಾರಿ ಇಡೀ ಕಾರ್ಖಾನೆಯಲ್ಲಿ ಒಬ್ಬರದೇ ಆಗಿತ್ತು. ಹಾಳೆಯ ಕೊನೆಯಲ್ಲಿ ‘ಸರಿಪಡಿಸುವ ಕ್ರಮ’ ಎಂಬ ಖಾನೆ ಇತ್ತು. ಅದರಲ್ಲಿ ‘ಸಿಬ್ಬಂದಿಗೆ ತರಬೇತಿ’ ಎಂದು ಬರೆದೆ. ಎಲ್ಲರೂ ಹಾಗೇ ಬರೆಯುತ್ತಾರೆ.

ಮ್ಯಾನೇಜರು ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ನಾನು ತಲೆಕೆಳಗಾಗಿ ಸಾಬರ ಹಾಳೆ ಓದಿದೆ. ದಪ್ಪ ದಪ್ಪ ಕನ್ನಡ ಅಕ್ಷರ. ಮೊದಲ ನಾಲ್ಕು ಉತ್ತರ ಹೆಚ್ಚುಕಡಿಮೆ ನನ್ನವೇ. ಐದನೆಯದರಲ್ಲಿ ಹೀಗಿತ್ತು: ‘ಎಲ್ಲಿ ಹಚ್ಚಬೇಕು ಎಂದು ನಾನು ತೋರಿಸಿಕೊಡಲಿಲ್ಲ. ತಪ್ಪು ನನ್ನದು.’ ಸರಿಪಡಿಸುವ ಕ್ರಮದ ಖಾನೆ ಖಾಲಿ ಬಿಟ್ಟಿದ್ದರು.

“ನೋಡಿ,” ಎಂದರು ಮ್ಯಾನೇಜರು, ಆ ದಿನ ಮೊದಲ ಸಲ ಮುಖ ಸಡಿಲಿಸಿ. “ಇಬ್ಬರದೂ ತಾಳೆ ಆಯ್ತು. ಬೇರೆ ಬೇರೆ ಕೂತು ಬರೆದು ಇಬ್ಬರಿಗೂ ಒಂದೇ ಮೂಲಕಾರಣ ಸಿಗೋದು ಬಹಳ ಅಪರೂಪ.”

ಹಚ್ಚಿದ್ದು ಯಾರು ಎಂದು ಅವರು ಕೇಳಲೇ ಇಲ್ಲ. ಯಾರೋ ಹೆಲ್ಪರ್ ಇರಬೇಕೆಂದುಕೊಂಡಿದ್ದರು. ನಾನು ಬಾಯಿಬಿಟ್ಟಿದ್ದರೆ ಒಂದು ನಿಮಿಷದ ಕೆಲಸ. ಬಿಡಲಿಲ್ಲ. ಸಾಬರು ಕನ್ನಡಕ ಹಾಕಿಕೊಂಡು ನನ್ನ ಹಾಳೆಯನ್ನು ಕೈಗೆತ್ತಿಕೊಂಡು ನಿಧಾನವಾಗಿ, ಮೇಲಿಂದ ಕೆಳಗಿನವರೆಗೆ ಓದಿದರು. ಐದನೆಯ ಸಾಲಿನ ಹತ್ತಿರ ಅವರ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಹಾಳೆ ಕೆಳಗಿಟ್ಟು, “ಅಕ್ಷರ ಚೆನ್ನಾಗೈತೆ ಬೇಟಾ,” ಎಂದರು. ಅದರಲ್ಲಿ ಕುಟುಕಿರಲಿಲ್ಲ. ಕುಟುಕಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮರುವಾರ ಅವರನ್ನು ಸ್ಟೋರ್ಸಿನಿಂದ ತೆಗೆದು ಹಿಂದಿನ ಅಂಗಳದಲ್ಲಿ ಗುಜರಿ ನೋಡಿಕೊಳ್ಳಲು ಹಾಕಿದರು. ಒಂದೂವರೆ ತಿಂಗಳು ಬಂದರು. ಆಮೇಲೆ, ಈ ವಯಸ್ಸಿನಲ್ಲಿ ಎರಡು ಬಸ್ಸು ಆಗುವುದಿಲ್ಲ ಎಂದು ಹೇಳಿ ಬಿಟ್ಟರು. ಇಷ್ಟು ವರ್ಷ ಆಗಿದ್ದ ಎರಡು ಬಸ್ಸು ಗುಜರಿಗೆ ಹೋದ ಮೇಲೆ ಆಗದಾಯಿತು. ನನಗೆ ಪ್ರಾಜೆಕ್ಟಿನಲ್ಲಿ ‘ಉತ್ತಮ’ ಎಂದು ಸರ್ಟಿಫಿಕೇಟ್ ಬಂತು. ಪರೀಕ್ಷೆ ಪಾಸಾಯಿತು. ಅವರ ಮೇಜಿಗೇ ಸೂಪರ್‌ವೈಸರ್ ಆಗಿ ಹೋದೆ. ಮೇಜಿನ ಡ್ರಾಯರಿನಲ್ಲಿ ಒಂದು ಹಳೆಯ ಚಮಚ, ಒಂದು ಏಲಕ್ಕಿ ಪೊಟ್ಟಣ ಇದ್ದವು. ಎರಡನ್ನೂ ಅಲ್ಲೇ ಬಿಟ್ಟೆ. ಅಪ್ಪ ಊರಿಗೆಲ್ಲ ಸಿಹಿ ಹಂಚಿದರು. ನನಗೆ ನಾಚಿಕೆಯಾಗುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ, ಹೇಳಿದರೆ ಯಾಕೆ ಎಂದು ಕೇಳುತ್ತಾರೆ.

ಮುಂದಿನ ವರ್ಷ ಆಯುಧಪೂಜೆಗೆ ಎರಡು ದಿನ ಇರುವಾಗ ಗೇಟಿನಿಂದ ಫೋನ್ ಬಂತು. ಯಾರೋ ಸಾಬರು ಚೀಲ ಹೊತ್ತುಕೊಂಡು ಬಂದಿದ್ದಾರೆ, ಒಳಗೆ ಬಿಡಲು ಪಾಸಿಲ್ಲ ಎಂದ ಸೆಕ್ಯುರಿಟಿಯವನು. ಅವನು ಹೊಸಬ. ನಾನು ಗೇಟಿಗೆ ಓಡಿದೆ.

ಅದೇ ಗೋಣಿಚೀಲ. ಸಾಬರು ಸ್ವಲ್ಪ ಸೊರಗಿದ್ದರು. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು. ಮರದ ಬಿಲ್ಲೆಗಳು. ಕೆಂಪು ಇಲ್ಲ, ಹಸಿರು ಇಲ್ಲ, ಎರಡು ಗೆರೆ ಮೂರು ಗೆರೆ ಯಾವುದೂ ಇಲ್ಲ. ಎಲ್ಲವೂ ಒಂದೇ ಅರಿಶಿನದ ಬಣ್ಣ.

“ಅವೇ ಇವು,” ಎಂದರು. “ಮೇಲಿನ ಬಣ್ಣ ತೆಗೆಸಿ ಹೊಸದಾಗಿ ಅರಗು ಹಾಕಿಸ್ದೆ. ಮೊಳೆ ಕಿತ್ತಿಲ್ಲ ಅಲ್ವಾ?”

“ಇಲ್ಲ ಸಾಬ್ರೆ.”

“ಹಂಗಾದ್ರೆ ಹಬ್ಬದ ದಿನ ಇವನ್ನ ನೇತಾಕು. ಕುಂಕುಮ ಇದಕ್ಕೆ ಹಚ್ಚು, ಲೇಬಲ್ಗೆ ಬೇಡ. ಆಮೇಲೆ ಒದ್ದೆ ಬಟ್ಟೇಲಿ ಒರೆಸುದ್ರೆ ಹೋಯ್ತದೆ, ಅರಗಿನ ಮೇಲೆ ನಿಲ್ಲಲ್ಲ. ಆರುನೂರ ನಲವತ್ತು ಐತೆ.”

“ಸಾಬ್ರೆ, ಅವತ್ತು ಆ ಹಾಳೇಲಿ ನಾನು…” ಎಂದು ಶುರು ಮಾಡಿದೆ.

ಅವರು ಚೀಲದ ಬಾಯಿಗೆ ಮತ್ತೆ ದಾರ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ. “ನನ್ನ ಹಾಳೇಲಿ ಕೊನೇ ಖಾನೆ ಖಾಲಿ ಇತ್ತು ಬೇಟಾ,” ಎಂದರು. “ಏನ್ ಬರೀಬೇಕು ಅಂತ ಅವತ್ತು ಹೊಳೀಲಿಲ್ಲ.” ಬಿಡದಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಒಳಗೆ ಬಂದು ಟೀ ಕುಡಿಯಿರಿ ಎಂದೆ. ಪಾಸಿಲ್ಲವಲ್ಲ ಎಂದು ನಕ್ಕರು.

ಈಗಲೂ ಪ್ರತಿ ಆಯುಧಪೂಜೆಗೆ ನಮ್ಮ ಸ್ಟೋರ್ಸಿನಲ್ಲಿ ಆ ಬಿಲ್ಲೆಗಳು ನೇತಾಡುತ್ತವೆ. ನಾನೇ ಏಣಿ ಹತ್ತಿ ಒಂದೊಂದಕ್ಕೂ ಕುಂಕುಮ ಹಚ್ಚುತ್ತೇನೆ, ಹೆಲ್ಪರುಗಳಿಗೆ ಬಿಡುವುದಿಲ್ಲ. ಬಿಲ್ಲೆ ಬಂದ ವರ್ಷ ದೊಡ್ಡ ಕಾರ್ಖಾನೆಯವರು ತಪಾಸಣೆಗೆ ಬಂದಾಗ, ಇದೇನು ಎಂದು ಕೇಳಿದರು. ಸರಿಪಡಿಸುವ ಕ್ರಮ ಎಂದೆ. ಅವರಿಗೆ ಬಹಳ ಮೆಚ್ಚಿಗೆಯಾಗಿ ಫೋಟೋ ತೆಗೆದುಕೊಂಡು, ಇಂಥ ಕ್ರಮವನ್ನು ಉಳಿದವರೂ ನೋಡಿ ಕಲಿಯಬೇಕೆಂದು ವರದಿಯಲ್ಲಿ ಸೇರಿಸಿದರು. ಹಳೆಯ ಐದು ಯಾಕೆ ಹಾಳೆಯನ್ನೂ ತರಿಸಿ ಅದಕ್ಕೆ ಲಗತ್ತಿಸಿದರು, ನನ್ನದನ್ನು. ‘ಸಿಬ್ಬಂದಿಗೆ ತರಬೇತಿ’ ಎಂಬುದನ್ನು ಹೊಡೆದುಹಾಕಿ ‘ಮರದ ಬಿಲ್ಲೆ’ ಎಂದು ಬರೆಸಿದರು. ಪಕ್ಕದಲ್ಲಿ ‘ಹೊಣೆ’ ಎಂಬ ಖಾನೆಯೊಂದು ಅಲ್ಲಿಯವರೆಗೆ ಖಾಲಿ ಉಳಿದಿತ್ತು. ಯಾರ ಹೆಸರು ಎಂದು ಕೇಳಿದರು. ಮ್ಯಾನೇಜರು ಹಿಂದೆಮುಂದೆ ನೋಡದೆ ನನ್ನ ಹೆಸರು ಹೇಳಿದರು. ನಾನು ಆಗಲೂ ಸುಮ್ಮನಿದ್ದೆ. ಆ ಹಾಳೆಯಲ್ಲಿ ಇರುವುದು ಅದೊಂದೇ ಹೆಸರು.